ಹೇಳುವವರಿದ್ದರು, ಕೇಳುವವರಿರಲಿಲ್ಲ

(ಕಾನೂನು ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಹಿಂದೆಮುಂದಾದದ್ದನ್ನು ಇಲ್ಲಿ ಜೋಡಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1950ರ ದಶಕದ ಮೊದಲ ವರ್ಷಗಳು. ಜರ್ಮನಿಯಲ್ಲಿದ್ದ ಒಂದು ಫ್ರೆಂಚ್ ಕಾನ್ಸುಲೇಟಿನಲ್ಲಿ ಔತಣ. ಬಂದವರಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಫ್ರೆಂಚ್ ಹೆಣ್ಣುಮಗಳು. ತೋಳು ಕಾಣುವಂಥ ಉಡುಪು. ಎಡ ಮುಂಗೈ ಮೇಲೆ ಐದು ಅಂಕಿಯ ಹಚ್ಚೆ: 78651. ಒಬ್ಬ ದೊಡ್ಡ ಅಧಿಕಾರಿ, ಅವನೂ ಫ್ರೆಂಚಿನವನೇ, ಆ ಕೈಯನ್ನು ತೋರಿಸಿ ನಗುತ್ತಾ ಕೇಳಿದ: ಇದೇನು, ನಿಮ್ಮ ಕ್ಲೋಕ್‌ರೂಮ್ ನಂಬರಾ?

ಚಳಿ ದೇಶಗಳಲ್ಲಿ ಸಮಾರಂಭಕ್ಕೆ ಬಂದವರು ಬಾಗಿಲಲ್ಲೇ ಕೋಟು ಬಿಚ್ಚಿ ಕೊಟ್ಟು ನಂಬರಿನ ಚೀಟಿ ಇಸ್ಕೊಳ್ಳುತ್ತಾರೆ. ನಮ್ಮಲ್ಲಿ ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತಗೊಳ್ಳುವ ಹಾಗೆ. ಆ ನಂಬರು ಅಂದುಕೊಂಡ ಅವನು. ಅಥವಾ ಅಂದುಕೊಳ್ಳದೆ ಸುಮ್ನೆ ತಮಾಷೆ ಮಾಡಿದ. ಆ ಹೆಣ್ಣುಮಗಳು ಅತ್ತುಬಿಟ್ಟರು. ಆಮೇಲೆ ಎಷ್ಟೋ ವರ್ಷ ಉದ್ದ ತೋಳಿನ ಬಟ್ಟೆಯನ್ನೇ ಹೆಚ್ಚಾಗಿ ಹಾಕಿದರು.

ಅವರ ಹೆಸರು ಸಿಮೋನ್ ವೇಯ್. ಇದೇ ರೀತಿ ಕೇಳಿಸುವ ಹೆಸರಿನ ಒಬ್ಬ ತತ್ವಜ್ಞಾನಿಯೂ ಇದ್ದಾರೆ, ಅವರಲ್ಲ. ಇವರು ಮುಂದೆ ಫ್ರಾನ್ಸಿನ ಆರೋಗ್ಯ ಮಂತ್ರಿಯಾದರು. ಯುರೋಪಿನ ಜನ ನೇರವಾಗಿ ಆರಿಸಿದ ಮೊದಲ ಯುರೋಪಿಯನ್ ಪಾರ್ಲಿಮೆಂಟಿನ ಅಧ್ಯಕ್ಷೆಯಾದರು. ಇವತ್ತು ಆ ಹುದ್ದೆಗಳ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಆ ಅಧಿಕಾರಿಯ ಪ್ರಶ್ನೆ ಹೇಗೆ ಸಾಧ್ಯವಾಯಿತು ಅನ್ನುವುದು ನನ್ನ ವಿಷಯ. ಅವನು ನಾಜಿ ಅಲ್ಲ. ದುಷ್ಟನೂ ಅಲ್ಲದಿರಬಹುದು. ಯುದ್ಧ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ. ಅವನ ದೇಶದಿಂದಲೇ ಸುಮಾರು 76,000 ಯಹೂದಿಗಳನ್ನು ರೈಲಿಗೆ ತುಂಬಿ ನಾಜಿಗಳ ಶಿಬಿರಗಳಿಗೆ ಕಳಿಸಿದ್ದರು. ತಿರುಗಿ ಬಂದವರು ಎರಡೂವರೆ ಸಾವಿರದ ಆಸುಪಾಸು. ಅವರಲ್ಲೊಬ್ಬರು, ಶಿಬಿರದಲ್ಲಿ ಚುಚ್ಚಿದ ನಂಬರಿನ ಸಮೇತ, ಎದುರಿಗೇ ನಿಂತಿದ್ದಾರೆ, ಇವನಿಗೆ ಹೊಳೆಯಲೇ ಇಲ್ಲ.

ಬದುಕುಳಿದವರು ಆ ನೋವಿಗೆ ಬಾಯಿ ಕಟ್ಟಿ ಹೋಗಿ ಎಷ್ಟೋ ವರ್ಷ ಮಾತಾಡಲಿಲ್ಲ ಅಂತ ನಾವೆಲ್ಲ ಕೇಳಿದ್ದೇವೆ. ನಾನೂ ಹಾಗೇ ನಂಬಿದ್ದೆ. ಸಿಮೋನ್ ವೇಯ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ನಮಗೆ ಹೇಳಬೇಕಿತ್ತು, ಕೇಳುವವರಿಗೆ ಬೇಕಿರಲಿಲ್ಲ ಎಂದೇ ಹೇಳುತ್ತಾ ಬಂದರು. ಎರಡಕ್ಕೂ ಬಹಳ ಫರಕು ಇದೆ, ಅಲ್ವಾ? ಒಂದರಲ್ಲಿ ತಪ್ಪು ಯಾರದ್ದೂ ಅಲ್ಲ. ಇನ್ನೊಂದರಲ್ಲಿ ಇಡೀ ಊರಿನದ್ದು.

ಮೊದಲಿಂದ ಹೇಳುತ್ತೇನೆ. ಆಗಿನ್ನೂ ಶಾಲೆಯ ಹುಡುಗಿ, ಆದ್ದರಿಂದ ಸ್ವಲ್ಪ ಹೊತ್ತು ಏಕವಚನದಲ್ಲೇ.

ಸಿಮೋನ್ ಹುಟ್ಟಿದ್ದು 1927ರ ಜುಲೈ 13ರಂದು, ಫ್ರಾನ್ಸಿನ ದಕ್ಷಿಣದ ಕಡಲತಡಿಯ ನೀಸ್ ಪಟ್ಟಣದಲ್ಲಿ. ಮನೆತನದ ಹೆಸರು ಜಾಕೋಬ್. ತಂದೆ ಆಂದ್ರೆ ಆರ್ಕಿಟೆಕ್ಟ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿ ಸೆರೆ ಸಿಕ್ಕವರು. ತಾಯಿ ಇವೊನ್ ಕೆಮಿಸ್ಟ್ರಿ ಓದಿದ್ದರು, ಮದುವೆಯಾದ ಮೇಲೆ ಗಂಡನ ಮಾತಿಗೆ ಓದು ಬಿಟ್ಟರು. ಇದು ಮಗಳಿಗೆ ಜೀವನಪೂರ್ತಿ ಕೊರೆಯಿತು. ಹೆಣ್ಣಿಗೆ ಸ್ವಂತ ದುಡಿಮೆ ಇರಲೇಬೇಕು ಅಂತ ತಾಯಿಯೇ ಮಕ್ಕಳಿಗೆ ಹೇಳಿಕೊಟ್ಟಿದ್ದು. ನಾಲ್ಕು ಮಕ್ಕಳು: ಮದಲೆನ್, ಮನೆಯಲ್ಲಿ ಎಲ್ಲರಿಗೂ ಮಿಲೂ, ಆಮೇಲೆ ದೆನಿಸ್, ಅಣ್ಣ ಜಾನ್, ಕೊನೆಯವಳು ಸಿಮೋನ್. ಮನೆಯಲ್ಲಿ ದೇವರು ದಿಂಡರು ಅಂತ ಏನೂ ಇರಲಿಲ್ಲ. ತಾವು ಯಹೂದಿಗಳು ಅನ್ನುವುದು ಗೊತ್ತಿತ್ತು, ಅಷ್ಟೆ. ಫ್ರೆಂಚರು ಅನ್ನುವುದರ ಬಗ್ಗೆ ಅನುಮಾನವೇ ಇರಲಿಲ್ಲ.

1940ರಲ್ಲಿ ಫ್ರಾನ್ಸ್ ಸೋತಿತು. ಉತ್ತರದ ಭಾಗ ಜರ್ಮನ್ ಸೈನ್ಯದ ಕೈಗೆ ಹೋಯಿತು. ದಕ್ಷಿಣದಲ್ಲಿ ಮಾರ್ಷಲ್ ಪೆಟೆನ್‌ನ ಸರ್ಕಾರ, ವಿಶಿ ಎಂಬ ಊರಿನಿಂದ ಆಡಳಿತ. ಕಾನೂನು ಓದುವ ನೀವು ಇದನ್ನು ಗಮನಿಸಬೇಕು: 1940ರ ಅಕ್ಟೋಬರಿನಲ್ಲಿ ಯಹೂದಿಗಳನ್ನು ಬೇರೆ ಮಾಡುವ ಮೊದಲ ಕಾನೂನನ್ನು ತಂದದ್ದು ಈ ಫ್ರೆಂಚ್ ಸರ್ಕಾರವೇ. ಜರ್ಮನರು ಬಂದು ಕೈಹಿಡಿದು ಬರೆಸಿದ್ದಲ್ಲ. ಯಾರು ಯಹೂದಿ ಅನ್ನುವುದಕ್ಕೆ ವ್ಯಾಖ್ಯೆ, ಯಾವ್ಯಾವ ಕೆಲಸ ಮಾಡಬಾರದು ಎಂಬ ಪಟ್ಟಿ, ಎಲ್ಲ ಕ್ರಮವಾಗಿ, ಗೆಜೆಟ್ಟಿನಲ್ಲಿ ಪ್ರಕಟವಾಗಿ ಬಂತು. ಅದರ ಬೆನ್ನಿಗೆ ಬಂದ ನಿಯಮಗಳಲ್ಲಿ ಆಂದ್ರೆ ಜಾಕೋಬರ ಕೆಲಸ ಹೋಯಿತು. 1941ರಲ್ಲಿ ಯಹೂದಿಗಳೆಲ್ಲ ಹೆಸರು ಬರೆಸಬೇಕೆಂಬ ಆದೇಶ. ಬಹುತೇಕ ಎಲ್ಲರಂತೆ ಇವರೂ ಹೋಗಿ ಬರೆಸಿದರು. ಕಾನೂನಿಗೆ ತಲೆಬಾಗುವುದು ಒಳ್ಳೆಯ ಪ್ರಜೆಯ ಲಕ್ಷಣ ಅಂದುಕೊಂಡಿದ್ದ ಮನೆ ಅದು. ಮುಂದೆ ಹುಡುಕಿ ಬಂದವರಿಗೆ ಈ ಪಟ್ಟಿಗಳು ಎಷ್ಟು ಉಪಯೋಗಕ್ಕೆ ಬಂದವು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಆದರೂ ನೀಸ್‌ನಲ್ಲಿ ಸ್ವಲ್ಪ ಕಾಲ ಉಸಿರಾಡಲು ಜಾಗವಿತ್ತು. 1942ರ ನವೆಂಬರಿನಿಂದ ಅದು ಇಟಲಿಯ ಸೈನ್ಯದ ಕೈಯಲ್ಲಿತ್ತು. ಮುಸೊಲಿನಿಯ ಸೈನ್ಯವೇ ಆದರೂ ಯಹೂದಿಗಳನ್ನು ಹಿಡಿದುಕೊಡಲು ಒಪ್ಪಲಿಲ್ಲ. ಬೇರೆ ಕಡೆಯಿಂದ ಜನ ಓಡಿಬಂದು ನೀಸ್ ಸೇರಿದರು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು. ಎರಡೇ ದಿನದಲ್ಲಿ ಜರ್ಮನರು ಬಂದರು. ಹಿಂದೆಯೇ ಅಲೋಯಿಸ್ ಬ್ರುನರ್ ಎಂಬ ಎಸ್‌ಎಸ್ ಅಧಿಕಾರಿ. ಎಸ್‌ಎಸ್ ಅಂದರೆ ನಾಜಿ ಪಕ್ಷದ ಸಶಸ್ತ್ರ ಪಡೆ. ರೈಲು ನಿಲ್ದಾಣದ ಹತ್ತಿರದ ಎಕ್ಸೆಲ್ಸಿಯರ್ ಹೋಟೆಲ್ ಅವನ ಠಾಣೆ. ಬೀದಿಯಲ್ಲಿ, ಮನೆಯಲ್ಲಿ, ಆಸ್ಪತ್ರೆಯಲ್ಲಿ ಹಿಡಿದವರನ್ನು ಅಲ್ಲಿ ಕೂಡಿಟ್ಟು, ಅಲ್ಲಿಂದ ರೈಲು.

ಜಾಕೋಬ್ ಕುಟುಂಬ ಸುಳ್ಳು ಗುರುತಿನ ಚೀಟಿ ಮಾಡಿಸಿ ಬೇರೆ ಬೇರೆ ಮನೆಗಳಲ್ಲಿ ಚದುರಿಹೋಯಿತು. ಸಿಮೋನ್ ತನ್ನ ಶಾಲೆಯ ಟೀಚರೊಬ್ಬರ ಮನೆ ಸೇರಿದಳು. ಹೆಸರು ಸಿಮೋನ್ ಜಾಕಿಯೆ ಎಂದಾಯಿತು. ಕೆಲವು ವಾರದಲ್ಲೇ ಶಾಲೆಯ ಮುಖ್ಯಸ್ಥೆ ಇನ್ನು ತರಗತಿಗೆ ಬರಬೇಡ ಎಂದರು. ಗೆಳತಿಯರು ನೋಟ್ಸ್ ತಂದುಕೊಟ್ಟರು, ಟೀಚರುಗಳು ಬರೆದದ್ದನ್ನು ತಿದ್ದಿಕೊಟ್ಟರು. ಮನೆಯಲ್ಲೇ ಕೂತು ಓದಿದಳು. ಅಲ್ಲಿ ಶಾಲೆ ಮುಗಿಸುವಾಗ ಬಕಲೊರೇಯಾ ಅಂತ ದೊಡ್ಡ ಪರೀಕ್ಷೆ, ನಮ್ಮ ಸೆಕೆಂಡ್ ಪಿಯುಸಿ ಅಂದುಕೊಳ್ಳಿ. ಮಿತ್ರಪಡೆಗಳು ಯಾವಾಗ ಬಂದಿಳಿಯುತ್ತವೋ ಅಂತ ಆ ವರ್ಷ ಪರೀಕ್ಷೆಯನ್ನು ಮಾರ್ಚಿಗೇ ತಂದಿದ್ದರು. ಮಾರ್ಚ್ 29ಕ್ಕೆ ಸಿಮೋನ್ ಪರೀಕ್ಷೆ ಬರೆದಳು. ತನ್ನ ನಿಜವಾದ ಹೆಸರಲ್ಲಿ.

ಮಾರನೇ ದಿನ, 1944ರ ಮಾರ್ಚ್ 30, ಪರೀಕ್ಷೆ ಮುಗಿದ ಖುಷಿಗೆ ಗೆಳೆಯರ ಜೊತೆ ಹೊರಗೆ ಹೊರಟಳು. ದಾರಿಯಲ್ಲಿ ಸಾದಾ ಬಟ್ಟೆಯ ಇಬ್ಬರು ಜರ್ಮನರು ನಿಲ್ಲಿಸಿದರು. ಚೀಟಿ ನೋಡಿ, ಸುಳ್ಳು ಎಂದರು. ಎಕ್ಸೆಲ್ಸಿಯರ್ ಹೋಟೆಲಿಗೆ ಕರೆದೊಯ್ದಾಗ ಅಲ್ಲಿ ಮೇಜಿನ ಮೇಲೆ ಇಂಥವೇ ಖಾಲಿ ಚೀಟಿಗಳು ಬಿದ್ದಿದ್ದವು, ಅವಳದ್ದರ ಮೇಲಿದ್ದದ್ದೇ ರುಜು. ಆ ಚೀಟಿ ನಂಬಿಕೊಂಡವರೆಲ್ಲ ಸಿಕ್ಕಿಬೀಳುತ್ತಾರೆ ಅಂತ ಅವಳಿಗೆ ಆಗಲೇ ಗೊತ್ತಾಯಿತು. ಜೊತೆಗಿದ್ದ ಹುಡುಗ ಯಹೂದಿಯಲ್ಲ, ಅವನನ್ನು ಬಿಟ್ಟರು. ಮನೆಯವರನ್ನು ಎಚ್ಚರಿಸು ಅಂತ ಅವನಿಗೆ ಹೇಳಿ ಕಳಿಸಿದಳು. ಪೊಲೀಸರು ಅವನ ಬೆನ್ನು ಹಿಡಿದರು. ಅದೇ ದಿನ ತಾಯಿ, ಮಿಲೂ, ಜಾನ್ ಮೂವರೂ ಸಿಕ್ಕಿಬಿದ್ದರು. ಮನೆಯವರನ್ನು ಉಳಿಸಲು ಹೇಳಿ ಕಳಿಸಿದ ಮಾತೇ ಮನೆಯವರನ್ನು ಹಿಡಿಸಿತು. ಹದಿನಾರೂವರೆ ವರ್ಷದ ಹುಡುಗಿಗೆ ಇದು ಎಂಥ ಭಾರ ಅಂತ ಯೋಚಿಸಿ.

ಏಪ್ರಿಲ್ 7ಕ್ಕೆ ಪ್ಯಾರಿಸ್ ಪಕ್ಕದ ದ್ರಾನ್ಸಿ ಶಿಬಿರ. ಕಾವಲಿಗಿದ್ದವರು ಫ್ರೆಂಚ್ ಪೊಲೀಸರು. ಅಲ್ಲೊಂದು ಪ್ರಕಟಣೆ: ಗಂಡಸರು ಒಪ್ಪಿದರೆ ಫ್ರಾನ್ಸಿನಲ್ಲೇ ಉಳಿಸಿಕೊಂಡು ಕಟ್ಟಡ ಕೆಲಸಕ್ಕೆ ಹಾಕುತ್ತೇವೆ. ಜಾನ್‌ಗೆ ಹದಿನೆಂಟು. ನೀನು ಇಲ್ಲೇ ಇರು, ಅದೇ ಒಳ್ಳೆಯದು ಅಂತ ಅಮ್ಮ, ಅಕ್ಕ, ತಂಗಿ ಸೇರಿ ಒಪ್ಪಿಸಿದರು. ಕೆಲವು ದಿನದಲ್ಲಿ ತಂದೆಯನ್ನೂ ಹಿಡಿದು ಅಲ್ಲಿಗೆ ತಂದರು. ಮೇ 15ಕ್ಕೆ ದ್ರಾನ್ಸಿಯಿಂದ ಒಂದು ರೈಲು ಹೊರಟಿತು. ಅದರಲ್ಲಿ ಗಂಡಸರು ಮಾತ್ರ, 878 ಮಂದಿ. ಆ ರೈಲು ಪೋಲೆಂಡಿನಲ್ಲಿ ನಾಜಿಗಳು ಕಟ್ಟಿದ್ದ ಆಶ್ವಿತ್ಸ್ ಎಂಬ ಸಾವಿನ ಶಿಬಿರಕ್ಕೂ ಹೋಗಲಿಲ್ಲ. ಬಾಲ್ಟಿಕ್ ಕಡೆಗೆ, ಲಿಥುವೇನಿಯಾದ ಕೌನಸ್‌ಗೆ, ಅಲ್ಲಿಂದ ಕೆಲವು ಡಬ್ಬಿಗಳು ಎಸ್ಟೋನಿಯಾದ ತಾಲಿನ್‌ಗೆ. ಬದುಕಿ ಬಂದವರು ಇಪ್ಪತ್ತು ಚಿಲ್ಲರೆ. ತಂದೆ, ಅಣ್ಣ ಅವರಲ್ಲಿಲ್ಲ. ಎಲ್ಲಿ, ಹೇಗೆ ಸತ್ತರು ಅನ್ನುವುದು ಸಿಮೋನ್‌ಗೆ ಕೊನೆಯವರೆಗೂ ತಿಳಿಯಲಿಲ್ಲ.

ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಹೊರಟಿದ್ದು ಏಪ್ರಿಲ್ 13ಕ್ಕೆ, 71ನೇ ರೈಲಿನಲ್ಲಿ. ಸುಮಾರು 1,500 ಜನ, ಜಾನುವಾರು ಡಬ್ಬಿಗಳು. ಅದೇ ರೈಲಿನಲ್ಲಿ ಇಜಿಯೂ ಎಂಬ ಹಳ್ಳಿಯ ಮಕ್ಕಳ ಆಶ್ರಮದಿಂದ, ನಾಜಿ ಗುಪ್ತ ಪೊಲೀಸ್ ಅಧಿಕಾರಿ ಕ್ಲೌಸ್ ಬಾರ್ಬಿಯ ಆದೇಶದ ಮೇಲೆ ಹಿಡಿದು ತಂದ 34 ಮಕ್ಕಳಿದ್ದರು. ಏಪ್ರಿಲ್ 15ರ ರಾತ್ರಿ ರೈಲು ಆಶ್ವಿತ್ಸ್-ಬಿರ್ಕೆನೌ ತಲುಪಿತು. ಇಳಿಯುವ ಗಡಿಬಿಡಿಯಲ್ಲಿ ಪಟ್ಟೆ ಬಟ್ಟೆಯ ಒಬ್ಬ ಕೈದಿ ಅವಳ ಹತ್ತಿರ ಬಂದು ವಯಸ್ಸೆಷ್ಟು ಅಂತ ಕೇಳಿದ. ಹದಿನಾರು ಎಂದಾಗ, ಹದಿನೆಂಟು ಅಂತ ಹೇಳು ಎಂದ. ಹದಿನೆಂಟು ಎಂದಳು. ಕೆಲಸಕ್ಕೆ ಬರುವವರ ಸಾಲಿಗೆ ಸೇರಿದಳು. ಇನ್ನೊಂದು ಸಾಲು ಗ್ಯಾಸ್ ಚೇಂಬರಿಗೆ, ವಿಷಗಾಳಿ ಬಿಟ್ಟು ಕೊಂದು ಹೆಣ ಸುಡುವ ಜಾಗಕ್ಕೆ. ಇಜಿಯೂ ಮಕ್ಕಳಿಗೆ ಹಾಗೆ ಹೇಳಿಕೊಡಲು ದಾರಿಯೇ ಇರಲಿಲ್ಲ. ಅವರು ಅಷ್ಟು ಚಿಕ್ಕವರು.

ಆ ರಾತ್ರಿಯದ್ದು ಒಂದು ಸಣ್ಣ ವಿಷಯ. ಜೊತೆಯಲ್ಲಿದ್ದ ಗೆಳತಿಯ ಹತ್ತಿರ ಲಾನ್ವಾ ಕಂಪನಿಯ ಸೆಂಟಿನ ಪುಟ್ಟ ಸೀಸೆ ಉಳಿದಿತ್ತು. ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆ ಅಂತ ಅಷ್ಟು ಹೊತ್ತಿಗೆ ಅವರಿಗೆ ಅರ್ಥವಾಗಿತ್ತು. ಹುಡುಗಿಯರು ಸೀಸೆ ತೆಗೆದು ಒಬ್ಬರಿಗೊಬ್ಬರು ಪೂರ್ತಿ ಹಚ್ಚಿಕೊಂಡು ಖಾಲಿ ಮಾಡಿದರು. ಹೊರಗೆ ಮಾಂಸ ಸುಟ್ಟ ನಾತ. ಅದು ಏನು ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ಬೆಳಿಗ್ಗೆ ಕೈಗೆ ನಂಬರು ಚುಚ್ಚಿದರು.

ಇಲ್ಲಿ ಒಂದು ಮಾತು. ಬದುಕುಳಿದವರ ಕಥೆ ಹೇಳುವಾಗ ನಾವು ಧೈರ್ಯ, ಛಲ, ಬದುಕುವ ಆಸೆ ಅಂತೆಲ್ಲ ಬೇಗ ಶುರು ಮಾಡುತ್ತೇವೆ. ಸಿಮೋನ್ ಉಳಿದದ್ದರ ಹಿಂದೆ ಏನಿತ್ತು ನೋಡಿ. ಸ್ಟೆನಿಯಾ ಎಂಬ ಪೋಲಿಷ್ ಕಾಪೋ. ಕಾಪೋ ಅಂದರೆ ಕೈದಿಗಳ ಮೇಲೆ ಮೇಸ್ತ್ರಿಕೆ ಮಾಡಲು ನಾಜಿಗಳು ಇಟ್ಟ ಕೈದಿ. ಬೇರೆಯವರನ್ನು ಹೊಡೆದು ಬಡಿದು ಮಾಡುತ್ತಿದ್ದವಳು. ಒಂದು ದಿನ ಸಿಮೋನಳನ್ನು ನಿಲ್ಲಿಸಿ, ಇಲ್ಲಿ ಸಾಯಲು ನೀನು ತುಂಬಾ ಚೆಂದ ಇದ್ದೀಯ, ನಿನ್ನನ್ನು ಬೇರೆ ಕಡೆ ಕಳಿಸುತ್ತೇನೆ ಎಂದಳು. ಅಮ್ಮ ಅಕ್ಕ ಇಲ್ಲದೆ ಹೋಗುವುದಿಲ್ಲ ಎಂದಳು ಸಿಮೋನ್. ಕಾಪೋ ಅದಕ್ಕೂ ಒಪ್ಪಿದಳು! 1944ರ ಜುಲೈಯಲ್ಲಿ ಮೂವರನ್ನೂ ಬೊಬ್ರೆಕ್ ಎಂಬ ಚಿಕ್ಕ ಶಿಬಿರಕ್ಕೆ ಕಳಿಸಿದರು. ಸೀಮೆನ್ಸ್ ಕಂಪನಿಗೆ ದುಡಿಯುವ ಜಾಗ, ಹಸಿವು ಏಟು ಸ್ವಲ್ಪ ಕಮ್ಮಿ. ಮುಖ ಚೆನ್ನಾಗಿತ್ತು, ಒಬ್ಬಳಿಗೆ ಹಾಗನ್ನಿಸಿತು. ಅಷ್ಟೆ ಕಾರಣ. ಪಕ್ಕದಲ್ಲಿ ಸತ್ತವರಿಗೆ ಛಲ ಕಮ್ಮಿ ಇತ್ತೇನು? ಇಲ್ಲಿ 'ನೋವು ಮನುಷ್ಯನನ್ನು ಗಟ್ಟಿ ಮಾಡುತ್ತದೆ' ಅನ್ನುವ ಮಾತು ನನಗೆ ಹಿಡಿಸುವುದಿಲ್ಲ.

1945ರ ಜನವರಿ 18. ರಷ್ಯನ್ ಸೈನ್ಯ ಹತ್ತಿರ ಬಂತು ಅಂತ ಎಸ್‌ಎಸ್‌ನವರು ಕೈದಿಗಳನ್ನು ನಡೆಸಿಕೊಂಡು ಹೊರಟರು. ಹಿಮದಲ್ಲಿ ಸುಮಾರು 70 ಕಿಲೋಮೀಟರ್. ಬಿದ್ದವರಿಗೆ ಗುಂಡು. ಆಮೇಲೆ ತೆರೆದ ಗೂಡ್ಸ್ ಡಬ್ಬಿಗಳಲ್ಲಿ ದಿನಗಟ್ಟಲೆ ಪ್ರಯಾಣ. ತಿಂಗಳ ಕೊನೆಗೆ ಜರ್ಮನಿಯ ಬೆರ್ಗೆನ್-ಬೆಲ್ಸೆನ್. ಅಲ್ಲಿ ಗ್ಯಾಸ್ ಚೇಂಬರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅನ್ನ ನೀರಿಲ್ಲದೆ, ಟೈಫಸ್ ಜ್ವರಕ್ಕೆ ಜನ ಸಾಯುತ್ತಿದ್ದರು. ಸಿಮೋನ್‌ಗೆ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಅಷ್ಟಿಷ್ಟು ಕದ್ದು ತಂದು ಅಮ್ಮ ಅಕ್ಕನಿಗೆ ಕೊಡುತ್ತಿದ್ದಳು. ಮಾರ್ಚಿನಲ್ಲಿ ತಾಯಿ ತೀರಿಕೊಂಡರು. ಏಪ್ರಿಲ್ 15ಕ್ಕೆ ಬ್ರಿಟಿಷ್ ಸೈನ್ಯ ಬಂತು. ಆಗ ಅಲ್ಲಿದ್ದವರು ಸುಮಾರು 60,000. ಅವರಲ್ಲಿ 13,000ಕ್ಕೂ ಹೆಚ್ಚು ಜನ ಬಿಡುಗಡೆಯಾದ ಮೇಲೆ ಸತ್ತರು.

ಇನ್ನು ಬಹುವಚನಕ್ಕೆ ಬರುತ್ತೇನೆ. ಹದಿನೇಳು ವರ್ಷವಾಗಿದ್ದರೂ.

ಮಿಲೂಗೂ ಟೈಫಸ್ ಹಿಡಿದಿತ್ತು. ಬಿಡುಗಡೆಯಾಗಿ ಒಂದು ತಿಂಗಳು ದಾಟಿದರೂ ಅವರಿನ್ನೂ ಜರ್ಮನಿಯಲ್ಲೇ. ಲಾರಿಯಲ್ಲಿ, ಆಮೇಲೆ ರೈಲಿನಲ್ಲಿ ಪ್ಯಾರಿಸ್ ತಲುಪಿದ್ದು ಮೇ 23ಕ್ಕೆ. ಶಿಬಿರಗಳಿಂದ ಬಂದವರನ್ನು ಲುಟೇಸಿಯಾ ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಯುದ್ಧದ ಕಾಲದಲ್ಲಿ ಜರ್ಮನ್ ಗುಪ್ತಚರರು ಕೂತಿದ್ದ ಐಷಾರಾಮಿ ಹೋಟೆಲ್. ಬಾಗಿಲಲ್ಲಿ ಜನ ಫೋಟೋ ಹಿಡಿದು ನಿಂತಿರುತ್ತಿದ್ದರು, ಇವರನ್ನು ನೋಡಿದಿರಾ, ಇವರನ್ನು ನೋಡಿದಿರಾ ಅಂತ.

ನೀಸ್‌ನಲ್ಲಿ ಮನೆ ಅಂತ ಏನೂ ಉಳಿದಿರಲಿಲ್ಲ. ಪ್ಯಾರಿಸ್‌ನ ಬಂಧುಗಳ ಮನೆಯಲ್ಲಿ ಉಳಿದರು. ಹಾಸಿಗೆಯಲ್ಲಿ ನಿದ್ದೆ ಬರದೆ ನೆಲದಲ್ಲಿ ಮಲಗುತ್ತಿದ್ದರು. ಇದರ ಮಧ್ಯೆ ಒಂದು ಸುದ್ದಿ ಸಿಕ್ಕಿತು: ಹೋದ ವರ್ಷದ ಪರೀಕ್ಷೆಯಲ್ಲಿ ಪಾಸು! ಅದೇ ವರ್ಷ ಕಾನೂನು ಓದಲು ಹೆಸರು ಹಚ್ಚಿದರು, ಜೊತೆಗೆ ರಾಜ್ಯಶಾಸ್ತ್ರ ಕಲಿಸುವ ಸಿಯಾನ್ಸ್ ಪೊ ಸಂಸ್ಥೆಗೂ. ಅಲ್ಲೇ ಆಂತ್ವಾನ್ ವೇಯ್ ಪರಿಚಯ, 1946ರ ಅಕ್ಟೋಬರಿನಲ್ಲಿ ಮದುವೆ.

ಈಗ ನನ್ನ ಮುಖ್ಯ ವಿಷಯಕ್ಕೆ. ಅಕ್ಕತಂಗಿಯರು ಮೂವರೂ ಬದುಕಿ ಬಂದಿದ್ದರು. ನಡುವಿನವಳು ದೆನಿಸ್ ಲಿಯೋನ್ ಕಡೆ ಗುಪ್ತ ಪ್ರತಿರೋಧ ಚಳವಳಿ ಸೇರಿದ್ದಳು. 1944ರ ಜೂನಿನಲ್ಲಿ ಸಿಕ್ಕಿಬಿದ್ದು, ಚಿತ್ರಹಿಂಸೆ ಅನುಭವಿಸಿ, ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಹೋಗಿಬಂದವಳು. ಅವಳನ್ನು ಹಿಡಿದದ್ದು ಯಹೂದಿ ಅಂತಲ್ಲ, ಹೋರಾಟಗಾರ್ತಿ ಅಂತ. ವಾಪಸು ಬಂದ ಮೇಲೆ ಅವಳನ್ನು ಸಭೆಗಳಿಗೆ ಕರೆದರು. ಮಾತಾಡಿ ಎಂದರು. ಮೆಡಲು ಕೊಟ್ಟರು. ಅವಳಿಗೆ ಸಲ್ಲಬೇಕಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಮನೆಯ ಇನ್ನಿಬ್ಬರು ಬಾಯಿ ತೆರೆದರೆ ಜನ ಮಾತು ಬದಲಿಸುತ್ತಿದ್ದರು. ಅವಳು ಏನೋ ಮಾಡಿದ್ದಳು. ಇವರಿಗೆ ಏನೋ ಆಗಿತ್ತು, ಅಷ್ಟೆ. ಮಾಡಿದವರ ಮಾತಿಗೆ ಸಭೆ ಕೂಡುತ್ತದೆ. ಆಗಿಹೋದವರ ಮಾತಿಗೆ ಮನೆಯ ಊಟದ ಮೇಜಿನಲ್ಲೂ ಕಿವಿ ಇರಲಿಲ್ಲ.

ಕೇಳಿದವರು ಏನು ಕೇಳುತ್ತಿದ್ದರು ಅನ್ನುವುದೂ ಒಂದು ಕಥೆ. ಅಷ್ಟು ಜನ ಸತ್ತರು, ನೀವು ಹೇಗೆ ಉಳಿದಿರಿ? ಕುಶಲ ವಿಚಾರಿಸುವ ಪ್ರಶ್ನೆಯಲ್ಲ ಇದು. ಉಳಿಯಲು ಏನು ಮಾಡಿದಿರಿ ಅನ್ನುವ ಅನುಮಾನ ಅದರೊಳಗೆ ಕೂತಿದೆ. ಇನ್ನು ಕೆಲವರು, ಅಷ್ಟೊಂದು ಕೆಟ್ಟದಾಗಿದ್ದರೆ ಇವರು ಬರುತ್ತಿದ್ದರಾ, ಹೇಳುವಷ್ಟೇನೂ ಇರಲಿಲ್ಲವೇನೋ ಎನ್ನುತ್ತಿದ್ದರು. ಬದುಕಿ ಬಂದದ್ದೇ ತಪ್ಪಾಯಿತು!

ಒಬ್ಬೊಬ್ಬರ ಮನಸ್ಸು ಸಣ್ಣದಿತ್ತು ಅಂದರೆ ಸಾಲದು. ಇಡೀ ದೇಶಕ್ಕೆ ಇದು ಬೇಡವಾಗಿತ್ತು. ಸೋತು, ನಾಲ್ಕು ವರ್ಷ ಶತ್ರುವಿನ ಕೈಕೆಳಗೆ ಇದ್ದ ದೇಶ. ಅದಕ್ಕೆ ತಲೆ ಎತ್ತಿ ನಿಲ್ಲಲು ಒಂದು ಕಥೆ ಬೇಕಿತ್ತು. ನಾವೆಲ್ಲ ಹೋರಾಡಿದೆವು ಅನ್ನುವ ಕಥೆ. ದೆನಿಸ್ ಆ ಕಥೆಗೆ ಹೊಂದುತ್ತಾಳೆ. ಸಿಮೋನ್ ಹೊಂದುವುದಿಲ್ಲ. ಅವರು ಮಾತಾಡಿದರೆ ಕಾನೂನು ಮಾಡಿದವರಾರು, ಪಟ್ಟಿ ಬರೆದವರಾರು, ದ್ರಾನ್ಸಿಗೆ ಕಾವಲು ನಿಂತವರಾರು ಎಂಬ ಪ್ರಶ್ನೆಗಳು ಬರುತ್ತವೆ. ಆ ಗುಮಾಸ್ತರು, ಪೊಲೀಸರು ಎಷ್ಟೋ ಜನ ಇನ್ನೂ ಅದೇ ಕುರ್ಚಿಯಲ್ಲಿದ್ದರು.

ಇದು ಕಾನೂನಿನಲ್ಲೂ ಕಾಣುತ್ತದೆ. 1948ರಲ್ಲಿ ಫ್ರಾನ್ಸ್ ಶಿಬಿರಗಳಿಂದ ಬಂದವರಿಗಾಗಿ ಎರಡು ಬೇರೆ ಕಾನೂನು ತಂದಿತು. ಆಗಸ್ಟಿನದ್ದು ಪ್ರತಿರೋಧದ ಹೋರಾಟಗಾರರಿಗೆ. ಸೆಪ್ಟೆಂಬರಿನದ್ದು 'ರಾಜಕೀಯ' ಕಾರಣಕ್ಕೆ ಗಡೀಪಾರಾದವರಿಗೆ. ಯಹೂದಿಗಳನ್ನು ಈ ಎರಡನೆಯದಕ್ಕೆ ಸೇರಿಸಿದರು. ಗೌರವ ಬೇರೆ, ಪಿಂಚಣಿ ಬೇರೆ. ಯಾವ ರಾಜಕೀಯವನ್ನೂ ಮಾಡದ, ಪರೀಕ್ಷೆ ಬರೆದು ಬೀದಿಗೆ ಬಂದ ಹುಡುಗಿ ಕಾನೂನಿನ ಲೆಕ್ಕದಲ್ಲಿ ರಾಜಕೀಯ ಕೈದಿ. ಹುಟ್ಟಿನ ಕಾರಣಕ್ಕೇ ಹಿಡಿದು ಕಳಿಸಿದರು ಅಂತ ಬರೆಯಲು ಆ ಕಾನೂನಿನಲ್ಲಿ ಒಂದು ಕಾಲಂ ಇರಲಿಲ್ಲ. ನೀವು ನಾಳೆ ಕಾನೂನು ಓದುವಾಗ, ಬರೆಯುವಾಗ, ಅದರಲ್ಲಿ ಯಾರಿಗೆ ಕಾಲಂ ಇಲ್ಲ ಅಂತ ನೋಡಿ. ಇದನ್ನು ಬೇಕೆಂದೇ ಎರಡು ಸಲ ಹೇಳುತ್ತಿದ್ದೇನೆ: ಯಾರಿಗೆ ಕಾಲಂ ಇಲ್ಲ ಅಂತ ನೋಡಿ.

ಹಾಗಾಗಿ ಸಿಮೋನ್ ಆ ದಿನಗಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಮುಖ್ಯವಾಗಿ ಮಿಲೂ ಜೊತೆ. 1952ರಲ್ಲಿ ಮಿಲೂ ಕಾರು ಅಪಘಾತದಲ್ಲಿ ತೀರಿಕೊಂಡರು, ಪುಟ್ಟ ಮಗುವೂ ಉಳಿಯಲಿಲ್ಲ. ಜರ್ಮನಿಯಲ್ಲಿದ್ದ ತಂಗಿಯ ಮನೆಗೆ ಬಂದು ವಾಪಸು ಹೋಗುತ್ತಿದ್ದಾಗ. ಆಶ್ವಿತ್ಸ್, ಹಿಮದ ನಡಿಗೆ, ಟೈಫಸ್ ಎಲ್ಲ ದಾಟಿ ಬಂದವಳು.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಮೂರು ಗಂಡುಮಕ್ಕಳು. ವಕೀಲಿಕೆ ಮಾಡಬೇಕೆಂದರೆ ಗಂಡ ಬೇಡ ಎಂದರು. ಜಗಳವಾಡಿ, ಕೊನೆಗೆ ನ್ಯಾಯಾಂಗ ಸೇವೆಗೆ ಸೇರುವುದು ಅಂತ ರಾಜಿಯಾಯಿತು. 1956ರಲ್ಲಿ ಪರೀಕ್ಷೆ ಪಾಸು ಮಾಡಿದರು. ಕೆಲಸ ಸಿಕ್ಕಿದ್ದು ಜೈಲುಗಳ ಆಡಳಿತದಲ್ಲಿ. ದೇಶದ ಜೈಲುಗಳನ್ನೆಲ್ಲ ಸುತ್ತಿ ಅವುಗಳ ಸ್ಥಿತಿ ನೋಡಿದರು. ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದಾಗ ಅಲ್ಲಿನ ಜೈಲುಗಳಿಗೆ ಹೋಗಿ ಬಂದು, ಕಿರುಕುಳದ ಅಪಾಯವಿದ್ದ ಅಲ್ಜೀರಿಯನ್ ಹೆಣ್ಣು ಕೈದಿಗಳನ್ನು ಫ್ರಾನ್ಸಿಗೆ ಸ್ಥಳಾಂತರಿಸಿದರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಭಾಷಣವಿಲ್ಲ, ಫೋಟೋ ಇಲ್ಲ. ಕಡತ, ಆದೇಶ, ರುಜು.

1974ರ ನವೆಂಬರಿನಲ್ಲಿ ಆರೋಗ್ಯ ಮಂತ್ರಿಯಾಗಿ ಗರ್ಭಪಾತವನ್ನು ಕಾನೂನುಬದ್ಧ ಮಾಡುವ ಮಸೂದೆ ತಂದರು. ನಮ್ಮ ದೇಶದಲ್ಲಿ 1971ರಲ್ಲೇ ಅಂಥ ಕಾಯ್ದೆ ಬಂದಿತ್ತು, ಇಷ್ಟೊಂದು ರಂಪವಿಲ್ಲದೆ. ಅಲ್ಲಿ ಸದನದಲ್ಲಿದ್ದ ಹೆಂಗಸರು 9, ಗಂಡಸರು 481. ಮೂರು ದಿನದ ಚರ್ಚೆಯಲ್ಲಿ ಒಬ್ಬ ಸಂಸದ, ಭ್ರೂಣಗಳನ್ನು ಹೆಣ ಸುಡುವ ಒಲೆಗೆ ಹಾಕುತ್ತೀರಾ ಎಂಬ ಅರ್ಥದ ಮಾತಾಡಿದ. ಯಾರನ್ನು ಕೇಳುತ್ತಿದ್ದೇನೆ ಅಂತ ಅವನಿಗೆ ಗೊತ್ತಿರಲಿಲ್ಲವಂತೆ, ಆಮೇಲೆ ಕ್ಷಮೆ ಕೇಳಿದ. ಯುದ್ಧ ಮುಗಿದು ಸುಮಾರು ಮೂವತ್ತು ವರ್ಷವಾಗಿತ್ತು, ಅವರು ಮಂತ್ರಿಯಾಗಿದ್ದರು, ಆದರೂ ಗೊತ್ತಿಲ್ಲ. ಅವರ ಮನೆಯ ಕಟ್ಟಡದಲ್ಲಿ ನಾಜಿಗಳ ಸ್ವಸ್ತಿಕ ಚಿಹ್ನೆ ಬಳಿದವರಿಗೆ ಮಾತ್ರ ಗೊತ್ತಿತ್ತು. ಮಸೂದೆ 284-189ರಲ್ಲಿ ಗೆದ್ದಿತು.

ಕಿವಿಗಳು ತೆರೆದದ್ದು ಎಪ್ಪತ್ತರ ದಶಕದಿಂದ ಈಚೆಗೆ. 1978ರಲ್ಲಿ ಸೆರ್ಜ್ ಕ್ಲಾರ್ಸ್‌ಫೆಲ್ಡ್ ಎಂಬ ವಕೀಲರು ಫ್ರಾನ್ಸಿನಿಂದ ಹೊರಟ ಪ್ರತಿ ರೈಲಿನ ಪ್ರತಿಯೊಬ್ಬರ ಹೆಸರನ್ನು ಪಟ್ಟಿ ಮಾಡಿ ಪ್ರಕಟಿಸಿದರು. ಅವರ ತಂದೆಯನ್ನೂ ನೀಸ್‌ನಲ್ಲೇ ಹಿಡಿದೊಯ್ದಿದ್ದರು. ಒಂದು ಕಾಲದಲ್ಲಿ ಹಿಡಿಯಲು ಮಾಡಿದ ಪಟ್ಟಿಗಳು ಈಗ ಸಾಕ್ಷಿಯಾದವು. 1995ರ ಜುಲೈಯಲ್ಲಿ ಅಧ್ಯಕ್ಷ ಶಿರಾಕ್ ಫ್ರೆಂಚ್ ರಾಜ್ಯದ ಹೊಣೆಯನ್ನು ಮೊದಲ ಬಾರಿ ಬಾಯಿಬಿಟ್ಟು ಒಪ್ಪಿದರು. ಆ ಹೊತ್ತಿಗೆ ಸಿಮೋನ್ ವೇಯ್‌ಗೆ ಅರವತ್ತೆಂಟು. ಮುಂದೆ ಈ ನೆನಪುಗಳನ್ನು ಕಾಯಲು ಹುಟ್ಟಿದ ಪ್ರತಿಷ್ಠಾನದ ಮೊದಲ ಅಧ್ಯಕ್ಷೆಯೂ ಅವರೇ. 2010ರಲ್ಲಿ ಫ್ರೆಂಚ್ ಭಾಷೆಯನ್ನು ಕಾಯುವ ಹಳೆಯ, ದೊಡ್ಡ ಗೌರವದ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿಗೆ ಸೇರಿದರು. ಅಲ್ಲಿ ಸದಸ್ಯರಿಗೆ ಒಂದು ಖಡ್ಗ ಕೊಡುವ ಪದ್ಧತಿ. ಇವರು ತಮ್ಮ ಖಡ್ಗದ ಮೇಲೆ 78651 ಅಂತ ಕೆತ್ತಿಸಿಕೊಂಡರು.

71ನೇ ರೈಲಿನಲ್ಲೇ ಹೋಗಿ ಬದುಕಿ ಬಂದ ಇನ್ನೊಬ್ಬರು ಮಾರ್ಸೆಲಿನ್ ಲೋರಿದಾನ್-ಇವೆನ್ಸ್, ಸಿನಿಮಾ ನಿರ್ದೇಶಕಿ. ಇಬ್ಬರೂ ಸಾಯುವವರೆಗೂ ಸ್ನೇಹಿತೆಯರು. ಸಿಮೋನ್ ಕೆಫೆಗಳಲ್ಲಿ ಸಣ್ಣ ಚಮಚಗಳನ್ನು ಕದ್ದು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು ಅಂತ ಮಾರ್ಸೆಲಿನ್ ಹೇಳಿದ್ದಾರೆ. ಮಂತ್ರಿಯಾಗಿದ್ದವರು, ಪಾರ್ಲಿಮೆಂಟಿನ ಅಧ್ಯಕ್ಷೆಯಾಗಿದ್ದವರು! ಬಿರ್ಕೆನೌದಲ್ಲಿ ಚಮಚ ಕೊಡುತ್ತಿರಲಿಲ್ಲ. ಆ ಗಂಜಿಯನ್ನು ನಾಯಿಯ ಹಾಗೆ ನೆಕ್ಕಬೇಕಿತ್ತು. ಇನ್ನೊಮ್ಮೆ ಹಾಗಾಗಬಾರದು ಅಂತ ಚಮಚ. ಇದನ್ನು ಇಬ್ಬರೂ ನಗುತ್ತಾ ಮಾತಾಡಿಕೊಳ್ಳುತ್ತಿದ್ದರಂತೆ. ಅಲ್ಲಿಗೆ ಹೋಗಿಬಂದವರ ಮಧ್ಯೆ ಮಾತ್ರ ಬರುವ ನಗು ಅದು. ನಮ್ಮಂಥವರು ಜೊತೆಗೆ ಕೂತು ನಕ್ಕರೆ ಅಸಹ್ಯವಾಗುತ್ತದೆ.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: "ಸರ್, ಇಷ್ಟೆಲ್ಲ ಆದ ಮೇಲೆ ಅವರು ಜರ್ಮನಿಗೇ ಹೋಗಿ ಹೇಗೆ ವಾಸ ಮಾಡಿದರು?"

ಒಳ್ಳೆಯ ಪ್ರಶ್ನೆ. ಗಂಡನ ಕೆಲಸಕ್ಕೆ ಹೋದದ್ದು, 1950ರಲ್ಲಿ. ಪರಿಚಯದವರು ಹುಬ್ಬೇರಿಸಿದರು. ಆದರೆ ಜರ್ಮನಿಯ ಜೊತೆ ರಾಜಿಯಾಗದಿದ್ದರೆ ಇನ್ನೊಂದು ಯುದ್ಧ ಖಂಡಿತ ಅಂತ ಅವರು ಮೊದಲಿಂದಲೂ ನಂಬಿದ್ದರು. ಮೊದಲ ಯುದ್ಧದಲ್ಲಿ ಸೆರೆ ಸಿಕ್ಕಿದ್ದ ತಂದೆಗೆ ಜರ್ಮನರನ್ನು ಕಂಡರೆ ಆಗುತ್ತಿರಲಿಲ್ಲ. ತಾಯಿ ಮಾತ್ರ ಎರಡೂ ದೇಶ ಕೈಜೋಡಿಸಬೇಕು ಎನ್ನುತ್ತಿದ್ದರು. ಮಗಳು ತಾಯಿಯ ದಾರಿ ಹಿಡಿದರು. ಯುರೋಪಿನ ಒಕ್ಕೂಟಕ್ಕೆ ಅವರು ಅಂಟಿಕೊಂಡದ್ದು ಇದರಿಂದಲೇ. 2004ರ ಜನವರಿ 27ಕ್ಕೆ ಬರ್ಲಿನ್ನಿನ ಜರ್ಮನ್ ಸಂಸತ್ತಿನಲ್ಲೇ ನಿಂತು ಮಾತಾಡಿದರು. ಇದನ್ನು ಕ್ಷಮೆ ಅಂತ ಕರೆಯಬೇಡಿ. ಕ್ಷಮಿಸುವುದು ಬೇರೆ, ಜೊತೆಗೆ ಕೆಲಸ ಮಾಡುವುದು ಬೇರೆ.

ಹಿಂದಿನ ಸಾಲಿನಿಂದ ಇನ್ನೊಬ್ಬರು: "ಎಲ್ಲರಿಗೂ ಹೇಳಬೇಕು ಅಂತಲೇ ಇತ್ತಾ? ಸುಮ್ಮನಿರಲು ಬಯಸಿದವರು ಯಾರೂ ಇರಲಿಲ್ಲವಾ?"

ಇದ್ದರು. ನನ್ನ ಮಾತಿಗೆ ಇದು ಸರಿಯಾದ ತಿದ್ದುಪಡಿ. ಅದೇ 71ನೇ ರೈಲಿನಲ್ಲಿ ಜಿನೆಟ್ ಕೊಲಿಂಕಾ ಎಂಬ ಹತ್ತೊಂಬತ್ತರ ಹುಡುಗಿ ಇದ್ದರು. ಬಿರ್ಕೆನೌದಲ್ಲಿ ಸಿಮೋನ್ ಅವರಿಗೆ ಒಂದು ಉಡುಪು ಕೊಟ್ಟಿದ್ದರು. ಅಲ್ಲಿ ಅದೇ ನನ್ನ ಜೀವಕ್ಕೆ ಧೈರ್ಯ ತಂದಿತು ಅಂತ ಜಿನೆಟ್ ಮತ್ತೆ ಮತ್ತೆ ಹೇಳಿದ್ದಾರೆ. ವಾಪಸು ಬಂದ ಮೇಲೆ ಅವರು ಪ್ಯಾರಿಸ್ ಪಕ್ಕದ ಸಂತೆಯಲ್ಲಿ ಬಟ್ಟೆ ಮಾರುತ್ತಾ ಎಷ್ಟೋ ದಶಕ ಕಳೆದರು. ಶಿಬಿರದ ವಿಷಯ ತೆಗೆಯಲೇ ಇಲ್ಲ. ಬಾಯಿಬಿಟ್ಟಾಗ ವಯಸ್ಸು ಎಪ್ಪತ್ತು ದಾಟಿತ್ತು. ಆಮೇಲೆ ತೊಂಬತ್ತು ದಾಟಿದ ಮೇಲೂ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಮುಂದೆ ಮಾತಾಡಿದರು. ಅಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಅಂದರೆ ಅವರು ಕೊಟ್ಟ ಕಾರಣ ಬಹಳ ಸರಳ: ಜನಕ್ಕೆ ಸುಮ್ನೆ ಬೇಜಾರು ಮಾಡುವುದು ಬೇಡ ಅಂತ.